ಏಳನೆಯ ಬಳ್ಳಿ

ನನ್ನ ಹೆಂಡತಿ ಹೊಲಿದ ಹೂವಿನ ಮೇಲೆ ಒಂದು ಸಲ ನಿಜವಾದ ದುಂಬಿ ಬಂದು ಕೂತಿತ್ತು. ಇದನ್ನು ಅವಳು ನಮ್ಮ ಬೀದಿಯ ಮನೆಮನೆಗೂ ಹೇಳಿ ಮುಗಿಸಿ ಈಗ ಪಕ್ಕದ ಬೀದಿ ಹಿಡಿದಿದ್ದಾಳೆ. ಅವಳು ದರ್ಜಿ. ಮದುವೆಯ ಉಡುಪು, ಶಾಲೆಯ ಸಮವಸ್ತ್ರ, ಬಸ್ಸಿನ ಸೀಟಿನ ಹೊದಿಕೆ, ಏನು ಕೊಟ್ಟರೂ ಹೊಲಿಯುತ್ತಾಳೆ. ಆದರೆ ವರ್ಷಕ್ಕೊಮ್ಮೆ ನಮ್ಮ ಕಚೇರಿಗೆ ಹೊಲಿದುಕೊಡುವ ಸುಳ್ಳು ಬಳ್ಳಿಗಳ ಬಗ್ಗೆ ಇರುವಷ್ಟು ಜಂಬ ಅವಳಿಗೆ ಬೇರೆ ಯಾವುದರ ಬಗ್ಗೆಯೂ ಇಲ್ಲ.

ಸುಳ್ಳು ಬಳ್ಳಿ ಯಾಕೆ ಬೇಕು ಎಂದು ತಿಳಿಯಬೇಕಾದರೆ ನಿಜವಾದ ಬಳ್ಳಿ ಏನು ಎಂದು ತಿಳಿದಿರಬೇಕು. ನಾವು ಅದನ್ನು ರೇಷ್ಮೆಬಳ್ಳಿ ಎನ್ನುತ್ತೇವೆ. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಬೇಲಿಗೆ ಚೆಂದ ಕಾಣುತ್ತದೆ, ಹೂವಿಗೆ ಪರಿಮಳವಿದೆ ಎಂದು ದೂರದ ದೇಶದಿಂದ ತಂದು ನೆಟ್ಟರು. ಅದು ಬೇಲಿ ಹಾರಿ ಗುಡ್ಡ ಸೇರಿತು. ಮರ ಹತ್ತಿತು. ನೆತ್ತಿಯ ತನಕ ಹಬ್ಬಿ, ಬೆಳಕು ತಡೆದು, ಮರವನ್ನು ನಿಂತಲ್ಲೇ ಸಾಯಿಸಿತು. ಎಲೆ ಮುರಿದರೆ ಅಂಟುಹಾಲು. ಕಾಯಿ ಮುಷ್ಟಿಗಾತ್ರ, ಹಸಿರು. ಒಣಗಿದಾಗ ಕಂದುಬಣ್ಣಕ್ಕೆ ತಿರುಗಿ ಪಕ್ಕದಲ್ಲಿ ಸೀಳುತ್ತದೆ. ಒಳಗೆ ಲೆಕ್ಕವಿಲ್ಲದಷ್ಟು ಬೀಜ, ಒಂದೊಂದು ಬೀಜಕ್ಕೂ ಒಂದು ರೇಷ್ಮೆಯ ಜುಟ್ಟು. ಗಾಳಿ ಬಂದರೆ ಆ ಜುಟ್ಟು ಹಿಡಿದು ಇಡೀ ಸಂಸಾರ ಗುಡ್ಡ ದಾಟುತ್ತದೆ.

ನಾನು ಪ್ರಾಂತ್ಯದ ಕಳೆ ಕಚೇರಿಯಲ್ಲಿ ಮೇಸ್ತ್ರಿ. ನಮ್ಮ ಊರ ಹಿಂದಿನ ಗುಡ್ಡ ನನ್ನ ತಂಡದ್ದು. ವರ್ಷಗಟ್ಟಲೆ ಕಿತ್ತೆವು. ಬೆನ್ನು ಬಾಗಿಸಿ, ಮೊಣಕಾಲು ತರಚಿಕೊಂಡು, ಹಾಲು ಸಿಡಿದು ಕಣ್ಣು ಕೆಂಪಾಗಿಸಿಕೊಂಡು ಕಿತ್ತೆವು. ಹೋದ ಎರಡು ಋತುವಿನಲ್ಲಿ ಇಡೀ ಗುಡ್ಡದಲ್ಲಿ ಒಂದೇ ಒಂದು ಕಾಯಿ ಕಾಣಲಿಲ್ಲ. ಈ ಸಲವೂ ಕಾಣದಿದ್ದರೆ ಗುಡ್ಡ ಗೆದ್ದಂತೆ.

ಕೀಳುವ ಕೆಲಸಕ್ಕೆ ರಟ್ಟೆ ಸಾಕು, ಹುಡುಕುವುದು ಹಾಗಲ್ಲ. ಏನೂ ಸಿಗದ ಗುಡ್ಡದಲ್ಲಿ ದಿನಾ ಅಲೆದರೆ ಕಾಲು ನಡೆಯುತ್ತಿರುತ್ತದೆ, ಕಣ್ಣು ನಿದ್ದೆ ಹೋಗಿರುತ್ತದೆ. ಆ ನಿದ್ದೆ ಬಿಡಿಸಲು ಈ ಪರೀಕ್ಷೆ. ಯಾರಿಗೂ ಹೇಳದೆ ನಾನು ಗುಡ್ಡದಲ್ಲಿ ಆರು ಬಟ್ಟೆಯ ಬಳ್ಳಿ ಕಟ್ಟಿಬರುತ್ತೇನೆ. ಮರುದಿನ ತಂಡದವರು ಒಬ್ಬರ ಹಿಂದೆ ಒಬ್ಬರು, ಒಂಟಿಯಾಗಿ, ಗುಡ್ಡ ಸುತ್ತಬೇಕು. ಕಂಡರೆ ಮುಟ್ಟುವಂತಿಲ್ಲ, ಬಿಚ್ಚುವಂತಿಲ್ಲ. ಹಿಂದೆ ಬರುವವರಿಗೂ ಅದು ಸಿಗಬೇಕಲ್ಲ. ಬಂದು ಎಷ್ಟು ಕಂಡವು ಎಂದು ಹೇಳಿದರೆ ಮುಗಿಯಿತು. ಎಷ್ಟು ಬಳ್ಳಿ ಕಟ್ಟಿದ್ದೇನೆ ಎಂಬುದು ನನಗೆ, ನನ್ನ ಹೆಂಡತಿಗೆ, ಕಚೇರಿಯ ಮೇಲಧಿಕಾರಿ ಮೇಡಂಗೆ ಮಾತ್ರ ಗೊತ್ತಿರುತ್ತದೆ.

ಈ ಸಲದ ಪರೀಕ್ಷೆ ಇದ್ದದ್ದು ನನ್ನ ಚಿಕ್ಕಮ್ಮನಿಗಾಗಿ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ಕೊನೆಯ ತಂಗಿ. ನನಗಿಂತ ಹೆಚ್ಚು ದೊಡ್ಡವಳೇನಲ್ಲ, ಆದರೆ ನನಗಿಂತ ಮುಂಚೆ ಈ ಕೆಲಸಕ್ಕೆ ಸೇರಿದವಳು. ಬೇರು ಎಲ್ಲಿ ಹಿಡಿದು ಎಳೆಯಬೇಕು ಎಂದು ನನ್ನ ಬೆನ್ನಿಗೆ ಗುದ್ದಿ ಕಲಿಸಿದವಳು. ಇತ್ತೀಚೆಗೆ ಅವಳು ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದಳು. ಕಚೇರಿಯ ಮೆಟ್ಟಿಲಲ್ಲಿ ಎರಡು ಸಲ ಎಡವಿದಳು. ಕನ್ನಡಕ ಹಾಕಿಕೋ ಎಂದರೆ, ಮೂಗಿನ ಮೇಲೆ ಭಾರ ಹೊರಲು ಆಗುವುದಿಲ್ಲ ಎಂದಳು. ಮೇಡಂ ಕಂಡೂ ಕಾಣದ ಹಾಗೆ ಇದ್ದವರು ಒಂದು ದಿನ ನನ್ನನ್ನು ಕರೆದು ಹೇಳಿದರು: "ಕಡಿದಾದ ಜಾಗ ಅದು. ನಾಳೆ ಬಿದ್ದು ಏನಾದ್ರೂ ಮಾಡ್ಕೊಂಡ್ರೆ? ಪರೀಕ್ಷೇಲಿ ಸರಿಯಾಗಿ ನೋಡಿದ್ರೆ ಇರ್ಲಿ. ತಪ್ಪಿದ್ರೆ ಉಗ್ರಾಣಕ್ಕೆ."

ಉಗ್ರಾಣ ಎಂದರೆ ಕಚೇರಿಯ ಹಿಂಭಾಗದ ಕಿಟಕಿಯಿಲ್ಲದ ಕೋಣೆ. ಗುದ್ದಲಿ ತೊಳೆದು ಎಣ್ಣೆ ಹಚ್ಚುವ ಕೆಲಸ. ಚಿಕ್ಕಮ್ಮನಿಗೆ ನಾನೇ ಹೇಳಬೇಕಾಯಿತು. ಅವಳು ನನ್ನ ಮುಖ ನೋಡಿ, "ಗೋಡೆಗೆ ಅಂಟ್ಕೊಂಡಿರೋಕೆ ನಾನೇನು ಗಡಿಯಾರಾನಾ?" ಎಂದಳು. "ಉಗ್ರಾಣಕ್ಕೆ ಹಾಕಿದ ದಿನ ನಾನು ಕೆಲಸ ಬಿಡ್ತೀನಿ. ನಿನ್ನ ಮೇಡಂಗೆ ಹೇಳು."

ಸಿಟ್ಟಿನಲ್ಲಿ ನಮ್ಮ ಮನೆತನದವರೆಲ್ಲ ಒಂದೇ. ಬಿಡುತ್ತೇನೆ ಎಂದರೆ ಬಿಡುವವಳೇ. ಗಂಡನಿಲ್ಲ, ಮಕ್ಕಳಿಲ್ಲ. ಆ ಗುಡ್ಡ ಬಿಟ್ಟರೆ ಬೆಳಗ್ಗೆ ಎದ್ದು ಹೋಗಲು ಅವಳಿಗೆ ಬೇರೆ ಜಾಗವಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಗಾಳಿ ಇರಲಿಲ್ಲ. ತಂಡದಲ್ಲಿ ಮೂವರು. ಮೊದಲು ಉದ್ದಣ್ಣ ಹೋದ. ಅವನು ಬಾಗಿಲಲ್ಲಿ ತಲೆ ತಗ್ಗಿಸದೆ ಹೋದ ಮನೆಯೇ ಇಲ್ಲ. ಆಮೇಲೆ ಮೌನಿ. ನಿದ್ದೆಯಲ್ಲೂ ಮಾತಾಡುವವನಿಗೆ ನಾವು ಇಟ್ಟ ಹೆಸರು ಅದು. ಕೊನೆಗೆ ಚಿಕ್ಕಮ್ಮ. ನಾನು ಗುಡ್ಡದ ಬುಡದಲ್ಲಿ ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದೆ. ಅವಳ ಟೋಪಿ ಪೊದೆಗಳ ಮಧ್ಯೆ ಮುಳುಗಿ ಏಳುವುದನ್ನು ನೋಡುತ್ತಿದ್ದೆ. ಹೇಗಾದರೂ ಮಾಡಿ ನಾಲ್ಕು ಕಂಡುಬಿಡಲಿ ಎಂದು ಕೇಳಿಕೊಂಡೆ. ಯಾರನ್ನು ಕೇಳಿಕೊಂಡೆನೋ ಗೊತ್ತಿಲ್ಲ.

ಮಧ್ಯಾಹ್ನ ಎಲ್ಲರೂ ಕಚೇರಿಯ ಮುಂದಿನ ಕೋಣೆಯಲ್ಲಿ ಸೇರಿದೆವು. ಉದ್ದ ಮೇಜು, ಅದರ ಮೇಲೆ ಗಾಜಿನಡಿ ಪ್ರಾಂತ್ಯದ ನಕ್ಷೆ, ಮೂಲೆಯಲ್ಲಿ ಕೆಸರಾದ ಬೂಟುಗಳ ಸಾಲು, ಅವುಗಳ ವಾಸನೆ. ಅಂಗಡಿ ಮುಚ್ಚಿ ನನ್ನ ಹೆಂಡತಿಯೂ ಬಂದಿದ್ದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೊಡೆಯ ಮೇಲೆ ಖಾಲಿ ಚೀಲ. ತನ್ನ ಬಳ್ಳಿಗಳನ್ನು ತಾನೇ ಬಿಚ್ಚಿ ಮಡಚಿ ತರಬೇಕು, ನಮ್ಮ ಕೈಗೆ ಬಿಟ್ಟರೆ ಚಿಂದಿ ಮಾಡುತ್ತೇವೆ ಎಂಬುದು ಅವಳ ದೂರು.

"ಹೇಳಿ," ಎಂದರು ಮೇಡಂ.

"ನಾಲ್ಕು," ಎಂದ ಉದ್ದಣ್ಣ.

"ಐದು," ಎಂದ ಮೌನಿ. "ಇನ್ನೊಂದು ಎಲ್ಲೋ ಇದ್ದೇ ಇರುತ್ತೆ, ನನಗೆ ಗೊತ್ತು, ಆದ್ರೆ ಸುಳ್ಳು ಹೇಳಬಾರದು ನೋಡಿ, ನಮ್ಮಪ್ಪ ಯಾವಾಗಲೂ—"

"ಸಾಕು," ಎಂದೆ ನಾನು. "ಚಿಕ್ಕಮ್ಮ?"

ಚಿಕ್ಕಮ್ಮ ಕೈಕಟ್ಟಿ ನೆಟ್ಟಗೆ ಕೂತಿದ್ದಳು. ಗೆದ್ದವರ ಮುಖ. "ಏಳು."

ಮೇಡಂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಎಷ್ಟು?" ಎಂದೆ.

"ಕಿವಿಯೂ ಕೇಳಿಸಲ್ವಾ ನಿನಗೆ? ಏಳು."

ಏಳು ಹೆಚ್ಚಾಯಿತು ಎಂದು ಮೌನಿಗೆ ನಮ್ಮ ಮುಖ ನೋಡಿಯೇ ಗೊತ್ತಾಗಿಬಿಟ್ಟಿತು. "ಅಮ್ಮಾ, ಒಂದನ್ನ ಎರಡು ಸಲ ಎಣಿಸಿರ್ತೀಯ. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ನನ್ನ ಅತ್ತೆ ಹೀಗೇ ಕೋಳಿ ಎಣಿಸಿ ನೆರೆಮನೆಯವಳ ಮೇಲೆ ಜಗಳಕ್ಕೆ ಹೋಗಿದ್ಲು."

"ನಿನ್ನ ಅತ್ತೆ ನಿನ್ನನ್ನ ಅಳಿಯ ಮಾಡ್ಕೊಂಡಾಗಲೇ ಅವಳ ಕಣ್ಣು ಹೋಗಿತ್ತು ಅಂತ ಗೊತ್ತಾಗಿದೆ," ಎಂದಳು ಚಿಕ್ಕಮ್ಮ.

ಮೇಡಂ ನಿಟ್ಟುಸಿರು ಬಿಟ್ಟರು. ಅವರು ಕೆಟ್ಟವರಲ್ಲ. "ಇಲ್ಲದೇ ಇರೋದು ಕಾಣೋದೂ ಒಂದೇ, ಇರೋದು ಕಾಣದೇ ಇರೋದೂ ಒಂದೇ, ಅಮ್ಮಾ," ಎಂದರು ಮೆಲ್ಲಗೆ. "ಕಟ್ಟಿದ್ದು ಆರೇ."

ನನಗೆ ತಲೆ ಕೆಟ್ಟಿತು. ಐದು ಎಂದಿದ್ದರೆ ಸಾಕಿತ್ತು. ಮೂರು ಎಂದು ಸೋತಿದ್ದರೂ ನಾನು ಸಹಿಸುತ್ತಿದ್ದೆ. ಕಾಣದ್ದನ್ನು ಊಹಿಸಿ ಹೆಚ್ಚು ಹೇಳಿ ತನ್ನ ಗುಂಡಿ ತಾನೇ ತೋಡಿಕೊಂಡಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಮೇಜಿನ ಮೇಲೆ ಕೈ ಬಡಿದೆ. "ನಿನಗೆ ಕಣ್ಣು ಕಾಣಲ್ಲ ಅಂತ ಒಪ್ಕೊಂಡು ಕನ್ನಡಕ ಹಾಕ್ಕೊಳೋಕೆ ಏನು ದಾಡಿ? ಇಷ್ಟು ಜನರ ಮುಂದೆ ನನ್ನ ಮಾನ ತೆಗೆದೆ."

"ನಿನ್ನ ಮಾನ ನಿನ್ನ ಹತ್ರ ಇದ್ದದ್ದು ಯಾವಾಗ?" ಚಿಕ್ಕಮ್ಮ ಎದ್ದು ನಿಂತಳು. "ಏಳು ನೋಡಿದೆ, ಏಳು ಹೇಳಿದೆ. ನೀನು ಎಷ್ಟು ಕಟ್ಟಿದೆಯೋ ನಿನ್ನ ತಲೆನೋವು. ಏಳು ಕಟ್ಟಿ ಆರು ಅಂದ್ಕೊಂಡಿರೋನು ನೀನೇ ಯಾಕಿರಬಾರದು?"

"ನಾನು ಹೊಲಿದದ್ದು ಆರೇ, ಚಿಕ್ಕತ್ತೆ," ಎಂದಳು ನನ್ನ ಹೆಂಡತಿ. ಅವಳು ಎದ್ದು ಬಂದು ಮೇಜಿನ ಹತ್ತಿರ ನಿಂತಳು. ಜಗಳ ಬಿಡಿಸಲು ಬಂದಳೆಂದುಕೊಂಡೆ. ಅವಳಿಗೆ ಅದರ ಗೊಡವೆಯೇ ಇರಲಿಲ್ಲ, ಅವಳ ಬಳ್ಳಿಗಳ ಲೆಕ್ಕ ತಪ್ಪಿತ್ತು. "ಎಲ್ಲೆಲ್ಲಿ ನೋಡಿದ್ರಿ, ತೋರಿಸಿ."

ಚಿಕ್ಕಮ್ಮ ತೋಳಳತೆ ದೂರ ನಿಂತು, ಕತ್ತು ಹಿಂದಕ್ಕೆ ಎಳೆದುಕೊಂಡು ನಕ್ಷೆ ನೋಡಿದಳು. ಆದರೂ ಬೆರಳು ಸರಿಯಾಗಿ ಓಡಿತು. ಬಾಗಿದ ಬೇಲಿಗೂಟ. ನೀರಿನ ಟ್ಯಾಂಕಿನ ಹಿಂದೆ. ಜೋಡಿಬಂಡೆ. ನಾನು ಮನಸ್ಸಿನಲ್ಲೇ ಒಂದೊಂದಾಗಿ ಹೌದು ಎನ್ನುತ್ತಾ ಹೋದೆ. ಆರೂ ಬಂದವು. ಒಂದನ್ನೂ ಬಿಟ್ಟಿರಲಿಲ್ಲ.

"ಇನ್ನೊಂದು ಇಲ್ಲಿ." ಬೆರಳು ಹಳೆಯ ಕಲ್ಲುಕ್ವಾರಿಯ ಮೇಲೆ ನಿಂತಿತು. "ಸತ್ತ ಮರದಲ್ಲಿ. ಇದನ್ನ ಚೆನ್ನಾಗಿ ಮಾಡಿದೀಯ ಸೊಸೆ. ಮಿಕ್ಕವುಗಳಲ್ಲಿ ಒಂದೊಂದೇ ಕಾಯಿ, ಇದರಲ್ಲಿ ಮೂರು ಇಟ್ಟಿದೀಯ. ಒಂದಕ್ಕೆ ಕಂದುಬಣ್ಣ ಬೇರೆ ಹಾಕಿದೀಯ. ಎಷ್ಟು ಚೆಂದ ಇತ್ತು ಅಂದ್ರೆ, ನೋಡ್ತಾ ಕೂತುಬಿಟ್ಟೆ."

ನನ್ನ ಹೆಂಡತಿಯ ಕೈಯಿಂದ ಚೀಲ ಜಾರಿತು.

"ನಾನು ಕಂದು ಕಾಯಿ ಹೊಲಿದೇ ಇಲ್ಲ," ಎಂದಳು.

ಒಂದು ಕ್ಷಣ ನಮಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಅದೇ ಹೊತ್ತಿಗೆ ಕಿಟಕಿಯ ಬಾಗಿಲು ತಾನಾಗಿಯೇ ಬಡಿದುಕೊಂಡಿತು. ಬೆಳಗ್ಗೆ ಇಲ್ಲದ ಗಾಳಿ ಬಂದಿತ್ತು.

ಆ ಕೋಣೆ ಅಷ್ಟು ಬೇಗ ಖಾಲಿಯಾದದ್ದನ್ನು ನಾನು ಹಿಂದೆಂದೂ ನೋಡಿಲ್ಲ. ಮೌನಿ ಎಡಗಾಲಿಗೆ ನನ್ನ ಬೂಟು ಹಾಕಿಕೊಂಡು ಓಡಿದ. ಉದ್ದಣ್ಣ ಏಣಿ ಹೊತ್ತು ಬರುವಾಗ ಕಚೇರಿಯ ಬಲ್ಬು ಒಡೆಯಿತು, ಯಾರೂ ತಿರುಗಿ ನೋಡಲಿಲ್ಲ. ನೀರಿನ ಪಂಪು, ಗೋಣಿಚೀಲ, ಹಗ್ಗ, ಎಲ್ಲ ಜೀಪಿಗೆ ಎಸೆದೆವು. ಚಿಕ್ಕಮ್ಮ ಯಾರೂ ಹೇಳದೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ನನ್ನ ಹೆಂಡತಿ, ಮೇಡಂ, ಇಬ್ಬರೂ ಹಿಂದೆ ಹತ್ತಿದರು.

"ನೀನ್ಯಾಕೆ?" ಎಂದೆ ಹೆಂಡತಿಗೆ.

"ನನ್ನದಕ್ಕಿಂತ ಚೆನ್ನಾಗಿದೆಯಂತಲ್ಲ, ನೋಡಬೇಡ್ವಾ? ಗಾಡಿ ಬಿಡಿ."

ಬಿಟ್ಟೆ. ಪೇಟೆಬೀದಿಯ ತಿರುವಿನಲ್ಲಿ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ಹಾಸಿಗೆ ಇಳಿಸುತ್ತಿದ್ದರು. ಹಾರ್ನ್ ಹೊಡೆದೆ. ಲಾರಿಯವನು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡಿದ. ಇಳಿದು ಹೋಗಿ ಬಾಯಿಗೆ ಬಂದದ್ದು ಹೇಳಿದೆ. ಅವನೂ ಕಡಿಮೆಯವನಲ್ಲ, ನನ್ನ ಅಪ್ಪನನ್ನು ಎಳೆದುತಂದ.

"ಏನು ಬೆಂಕಿ ಬಿದ್ದಿದೆಯಾ ಎಲ್ಲಾದ್ರೂ?" ಎಂದ.

"ಬೆಂಕಿ ಆದ್ರೆ ನೀರು ಹಾಕಬಹುದಿತ್ತು," ಎಂದಳು ಚಿಕ್ಕಮ್ಮ ಜೀಪಿನಿಂದಲೇ. "ಗುಡ್ಡದ ಮೇಲೆ ರೇಷ್ಮೆಬಳ್ಳಿ ಒಡೀತಾ ಇದೆ. ನಿನ್ನ ಮನೆ ಹಿತ್ತಲಿಗೂ ಬರುತ್ತೆ, ಕೂತ್ಕೊಂಡಿರು."

ಅವನು ಹಲ್ಲುಕಡ್ಡಿ ಉಗುಳಿದ. ಅವನ ಹಿತ್ತಲಲ್ಲಿ ಆ ಬಳ್ಳಿ ಒಮ್ಮೆ ಮಾವಿನ ಮರ ತಿಂದಿತ್ತಂತೆ. ಹಾಸಿಗೆಯನ್ನು ಹಾಗೇ ಒಳಕ್ಕೆ ನೂಕಿ, ಲಾರಿಯನ್ನು ಹಿಂದಕ್ಕೆ ಸರಿಸಿ, ಉಳಿದ ಗಾಡಿಗಳನ್ನೂ ತಾನೇ ಕೈಬೀಸಿ ತಡೆದು ನಮ್ಮನ್ನು ಬಿಟ್ಟ. ದಾಟುವಾಗ ನಾನು ಕೈ ಎತ್ತಿದೆ. ಅವನು ಇನ್ನೂ ಬಯ್ಯುತ್ತಲೇ ಇದ್ದ.

ಕ್ವಾರಿಯ ತನಕ ಜೀಪು ಹೋಗುತ್ತದೆ. ಕಲ್ಲು ಕಡಿದು ಬಿಟ್ಟ ದೊಡ್ಡ ಗುಂಡಿ, ತಳದಲ್ಲಿ ಒಂದಿಷ್ಟು ನೀರು, ಅಂಚಿನಲ್ಲಿ ಒಣಗಿದ ಮರಗಳು. ಯಾವ ಮರ? ಎಲ್ಲ ಮರಕ್ಕೂ ಬೇರೆಬೇರೆ ಕಾಡುಬಳ್ಳಿ ಸುತ್ತಿಕೊಂಡಿತ್ತು. ಹಸಿರಿನ ಮೇಲೆ ಹಸಿರು. ನಾವು ಆರೂ ಜನ ಕುತ್ತಿಗೆ ನೋಯುವ ಹಾಗೆ ಮೇಲೆ ನೋಡುತ್ತಾ ಓಡಾಡಿದೆವು. ಗಾಳಿ ಒಂದೊಂದು ಸಲ ಬೀಸಿದಾಗಲೂ ನಾನು ಬಿಳಿ ಜುಟ್ಟು ಹಾರಿತೇ ಎಂದು ಆಕಾಶ ನೋಡುತ್ತಿದ್ದೆ.

"ಚಿಕ್ಕಮ್ಮ, ಯಾವುದು?"

"ಇಲ್ಲೇ ಇತ್ತು."

"ಇಲ್ಲೇ ಅಂದ್ರೆ ಎಲ್ಲಿ?"

"ಇಲ್ಲೇ ಅಂದ್ರೆ ಇಲ್ಲೇ." ಅವಳು ಕಣ್ಣು ಕಿರಿದು ಮಾಡಿ ಒಂದು ಮರದಿಂದ ಇನ್ನೊಂದು ಮರಕ್ಕೆ ನೋಡಿದಳು. ಮೊದಲ ಸಲ ಅವಳ ದನಿಯಲ್ಲಿ ಅಳುಕು ಕೇಳಿಸಿತು.

"ಕಂಡಿದ್ಯೋ ಇಲ್ಲವೋ, ಅದನ್ನಾದ್ರೂ ಹೇಳು."

"ಬಾಯಿ ಮುಚ್ಚು. ನೀನು ಕಿರುಚಿದ್ರೆ ಮರ ಹತ್ತಿರ ಬರುತ್ತಾ?" ಅವಳು ತಿರುಗಿ ಹಾದಿಗೆ ಹೋದಳು. ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಏನನ್ನೋ ಕಾಲಿನಲ್ಲಿ ತಡಕುವ ಹಾಗೆ. "ಬೂಟಿನೊಳಗೆ ಕಲ್ಲು ಸೇರ್ಕೊಂಡಿತ್ತು. ಕೂತು ತೆಗೆದೆ. ಕೂತಾಗ ಕಂಡದ್ದು ಅದು." ಚಪ್ಪಟೆಯಾದ ಬಂಡೆಯೊಂದು ಕಾಲಿಗೆ ತಗುಲಿತು. ಅದರ ಮೇಲೆ ಕುಳಿತಳು. ಬೂಟು ಬಿಚ್ಚಿದಳು. ಬೆಳಗ್ಗೆ ಕೂತ ಹಾಗೆಯೇ ಕೂತು, ಕಾಲು ಮೊಣಕಾಲ ಮೇಲೆ ಹಾಕಿ, ತಲೆ ಎತ್ತಿದಳು.

"ಬನ್ನಿ. ಎಲ್ಲರೂ ಕೂತ್ಕೊಳ್ಳಿ."

ಕೂತೆವು. ಮೇಡಂ ಕೂಡ ಮಣ್ಣಿನಲ್ಲಿ ಕೂತರು. ಕೆಳಗಿನಿಂದ ನೋಡಿದಾಗ, ಕಾಡುಬಳ್ಳಿಯ ಹೊದಿಕೆಯ ಒಳಗೆ, ಮರದ ಹೊಟ್ಟೆಯಲ್ಲಿ, ಬೆಳಕಿಗೆ ಎದುರಾಗಿ ಮೂರು ಕಾಯಿ ತೂಗುತ್ತಿದ್ದವು. ನಿಂತರೆ ಮಾಯ. ಕೂತರೆ ಇತ್ತು. ಎರಡು ಹಸಿರು. ಒಂದು ಕಂದು. ಕಂದು ಕಾಯಿಯ ಪಕ್ಕದಲ್ಲಿ ಬಿಳಿಯ ಗೆರೆ ಎದ್ದಿತ್ತು.

"ಅದು ಬಾಯಿ ಬಿಟ್ಟಿದೆ," ಎಂದಳು ನನ್ನ ಹೆಂಡತಿ ಉಸಿರಿನಲ್ಲಿ.

ಆಮೇಲೆ ನಡೆದದ್ದೆಲ್ಲ ಒಂದೇ ಉಸಿರಿನಲ್ಲಿ ನಡೆಯಿತು. ಏಣಿ ನಿಲ್ಲಿಸಿದೆವು. ಮರ ಸತ್ತದ್ದು, ನನ್ನ ಮೈಭಾರ ತಾಳದು. ಉದ್ದಣ್ಣ ಉದ್ದವಿದ್ದರೂ ಕಡ್ಡಿ. ಹಲ್ಲಿನಲ್ಲಿ ಗೋಣಿಚೀಲ ಕಚ್ಚಿಕೊಂಡು ಹತ್ತಿದ. ನಾನು, ಮೌನಿ ಏಣಿ ಹಿಡಿದೆವು. ಅವನು ಕೊನೆಯ ಮೆಟ್ಟಿಲಲ್ಲಿ ತುದಿಗಾಲಿನಲ್ಲಿ ನಿಂತು ಕೈ ಚಾಚಿದ. ಹಸಿರು ಕಾಯಿ ಒಂದು ಬಂತು. ಎರಡು ಬಂತು. ಕಂದು ಕಾಯಿಗೆ ಕೈ ಹಾಕಲು ಹೊರಟ.

"ನಿಲ್ಲಿಸೋ. ಮೊದಲು ನೀರು," ಎಂದಳು ಚಿಕ್ಕಮ್ಮ. ಪಂಪು ಅವಳ ಬೆನ್ನಿನ ಮೇಲಿತ್ತು. ಒಣಗಿದ ರೇಷ್ಮೆ ಹಾರುತ್ತದೆ, ನೆನೆದ ರೇಷ್ಮೆ ಹಿಂಡಿದ ಹತ್ತಿಯ ಹಾಗೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಅವಳು ಕೊಳವೆ ಎತ್ತಿ ಹೊಡೆದಳು. ನೀರು ನೇರವಾಗಿ ಕಾಯಿಯ ಸೀಳಿಗೇ ಹೋಯಿತು. ಅರ್ಧ ಉದ್ದಣ್ಣನ ಮುಖಕ್ಕೂ ಹೋಯಿತು. ಅವನು ಬಯ್ಯಲಿಲ್ಲ, ಬಾಯಲ್ಲಿ ಚೀಲವಿತ್ತು.

ಆಗಲೇ ಗಾಳಿ ಬೀಸಿದ್ದು. ಕೊಂಬೆ ಅಲುಗಿತು, ಕಾಯಿ ಪಟ್ ಎಂದು ಬಾಯಿ ತೆರೆಯಿತು. ಉದ್ದಣ್ಣ ಚೀಲವನ್ನು ಟೋಪಿಯ ಹಾಗೆ ಅದರ ಮೇಲೆ ಮಗುಚಿ ಎರಡೂ ಕೈಯಿಂದ ಅಪ್ಪಿಕೊಂಡ. ಹೆಚ್ಚಿನದೆಲ್ಲ ಒದ್ದೆಯಾಗಿ ಒಳಗೇ ಉಳಿಯಿತು. ಆದರೆ ಒಂದಿಷ್ಟು ಒಣ ಬೀಜ, ಚೀಲದ ಅಂಚಿನಿಂದ ನುಸುಳಿ, ಬೆಳ್ಳಗೆ ಹೊಳೆಯುತ್ತಾ, ನಿಧಾನವಾಗಿ, ನಮ್ಮನ್ನು ಅಣಕಿಸುವ ಹಾಗೆ ಗಾಳಿಗೆ ಏರಿದವು.

"ಹಿಡೀರಿ," ಎಂದು ನಾನು ಅರಚಿದೆ. ಏಣಿ ಬಿಟ್ಟು ಓಡಿದೆ. ಉದ್ದಣ್ಣ ಮೇಲೆ ಮರ ತಬ್ಬಿಕೊಂಡು ಉಳಿದ.

ನಡುವಯಸ್ಸಿನ ಜನ ಹಾಗೆ ಓಡಬಾರದು. ನಾನು ಒಂದನ್ನು ಅಂಗೈಯಲ್ಲಿ ಹಿಡಿದೆ, ಇನ್ನೊಂದಕ್ಕೆ ನೆಗೆದು ಪೊದೆಗೆ ಬಿದ್ದೆ. ಮೇಡಂ ಟೋಪಿ ಕಳಚಿ ಚಿಟ್ಟೆ ಹಿಡಿಯುವವರ ಹಾಗೆ ಬೀಸುತ್ತಿದ್ದರು. ನನ್ನ ಹೆಂಡತಿ ಚೀಲದ ಬಾಯಿ ಅಗಲಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಳು. ಇವೆಲ್ಲಕ್ಕೂ ಮಧ್ಯದಲ್ಲಿ ಬಂಡೆಯ ಮೇಲೆ ಒಂದು ಕಾಲಿಗೆ ಬೂಟಿಲ್ಲದೆ ನಿಂತು ಚಿಕ್ಕಮ್ಮ ಕೈ ತೋರಿಸುತ್ತಿದ್ದಳು.

"ಸೊಸೆ, ನಿನ್ನ ಎಡಕ್ಕೆ, ತಲೆ ಮೇಲೆ. ಹಾಂ, ಬಂತು. ಮೇಡಂ, ಅದು ಹುಲ್ಲಿನ ಹೂವು, ಬಿಡಿ, ಬೀಜ ನಿಮ್ಮ ಬೆನ್ನ ಹಿಂದೆ ಇದೆ. ಏ ಮೌನಿ, ಆ ಕರಿಬಂಡೆಯ ಆಚೆ ಒಂದು ಇಳೀತಾ ಇದೆ, ಓಡು. ಮಾತು ಆಮೇಲೆ."

ಆ ಕರಿಬಂಡೆ ಎಷ್ಟು ದೂರ ಇತ್ತೆಂದರೆ, ಅಲ್ಲಿ ಏನಾದರೂ ಇಳಿಯುತ್ತಿದೆ ಎಂಬುದೇ ನನಗೆ ಕಾಣುತ್ತಿರಲಿಲ್ಲ. ಮೌನಿ ಓಡಿದ. ಬಂಡೆಯ ಹಿಂದೆ ಮಾಯವಾದ. ಸ್ವಲ್ಪ ಹೊತ್ತಿಗೆ ಎರಡು ಬೆರಳ ಮಧ್ಯೆ ಏನನ್ನೋ ಹಿಡಿದು ಎತ್ತಿ ತೋರಿಸಿದ.

"ಇನ್ನೊಂದೇ ಒಂದು," ಎಂದಳು ಚಿಕ್ಕಮ್ಮ. "ನೀರಿಗೆ ಬೀಳುತ್ತೆ."

ಬಿತ್ತು. ಮೌನಿಯೇ ತೊಟ್ಟ ಬಟ್ಟೆಯಲ್ಲೇ ಕ್ವಾರಿಯ ನೀರಿಗೆ ಇಳಿದ. ಮೊಣಕಾಲಿನ ತನಕವೂ ಇರಲಿಲ್ಲ, ಆದರೂ ಜಾರಿ ಪೂರ್ತಿ ನೆನೆದ. ಬೀಜ ಅವನ ತೋಳಿಗೇ ಅಂಟಿಕೊಂಡು ಬಂತು.

"ಮುಗೀತು," ಎಂದಳು ಚಿಕ್ಕಮ್ಮ. ಕೂತು ಬೂಟು ಹಾಕಿಕೊಂಡಳು.

ನಾವು ಹುಚ್ಚರ ಹಾಗೆ ನಕ್ಕೆವು. ಯಾಕೆ ನಗುತ್ತಿದ್ದೇವೆ ಎಂದು ಗೊತ್ತಿಲ್ಲದೆ ನಕ್ಕೆವು. ಮರದ ಮೇಲಿಂದ ಉದ್ದಣ್ಣ, "ನಗೋದು ಆದ್ಮೇಲೆ ಏಣಿ ಹಿಡೀರಪ್ಪಾ," ಎಂದಾಗ ಇನ್ನೂ ನಕ್ಕೆವು. ಅವನನ್ನು ಇಳಿಸಿ, ಬಳ್ಳಿಯ ಬುಡ ಹುಡುಕಿ ಬೇರುಸಮೇತ ಕಿತ್ತೆವು. ನನ್ನ ಹೆಂಡತಿ ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೊಲಿಗೆ ಪರವಾಗಿಲ್ಲ," ಎಂದಳು.

ನಗು ಇಳಿದ ಮೇಲೆ ಮೇಡಂ ಟೋಪಿ ಕೊಡವುತ್ತಾ ಚಿಕ್ಕಮ್ಮನ ಪಕ್ಕ ಕುಳಿತರು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು, ಏನೋ ಉಳಿದಿದೆ.

"ಅಮ್ಮಾ, ನೀವು ಕಂಡ್ರಿ. ಅದು ದೊಡ್ಡದು," ಎಂದರು. "ಆದ್ರೆ ನಾನು ಒಂದು ಮಾತು ಹೇಳಲೇಬೇಕು. ಬೆಳಗ್ಗೆ ನಿಜವಾದ್ದನ್ನ ನೋಡಿ ಬಟ್ಟೆ ಅಂದ್ಕೊಂಡು ಬಿಟ್ಟು ಬಂದ್ರಲ್ಲ. ಗಾಳಿ ಬೆಳಗ್ಗೆಯೇ ಬಂದಿದ್ರೆ?"

ಬೂಟಿನ ದಾರ ಮತ್ತೆ ಕಟ್ಟುತ್ತಿದ್ದ ಚಿಕ್ಕಮ್ಮನ ಕೈ ಗಂಟಿನ ಮೇಲೇ ನಿಂತಿತು. ನನಗೆ ಮತ್ತೆ ಸಿಟ್ಟು ಬರತೊಡಗಿತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ.

ಆಗ ಮೌನಿ ಕೆಮ್ಮಿದ. ನೀರು ತೊಟ್ಟಿಕ್ಕಿಸುತ್ತಾ ನಿಂತಿದ್ದ. ಬಹಳ ಹೊತ್ತಿನಿಂದ ಅವನು ಒಂದು ಮಾತೂ ಆಡಿರಲಿಲ್ಲ.

"ಮೇಡಂ, ನಾನು ಐದು ಅಂದೆನಲ್ಲ," ಎಂದ. "ಅದರಲ್ಲಿ ಒಂದು ಇದು."

"ಏನಂದೆ?"

"ನಾನು ನೋಡಿದ್ದು ಮೇಲಿನ ಹಾದಿಯಿಂದ. ಅಲ್ಲಿಂದ ಕಾಯಿ ಕಾಣ್ತಿರಲಿಲ್ಲ, ಬರೀ ಎಲೆ, ಬಿಳಿ ಹೂವು. ಯಾವ ಮರ ಅಂತ ಈಗ ಗೊತ್ತಾಯ್ತು, ಉದ್ದಣ್ಣ ಮೇಲೆ ಹತ್ತಿದಾಗ. ಓ ಇಲ್ಲೊಂದು ಕಟ್ಟಿದಾರೆ ಅಂತ ನಗುತ್ತಾ ಹೋದೆ. ಎಲ್ಲಿ ನೋಡಿದೆ ಅಂತ ಅಮ್ಮನ್ನ ಕೇಳಿದ್ರಿ. ನನ್ನನ್ನ ಕೇಳಲಿಲ್ಲ."

ಐದು ಎಂದವನನ್ನು ಯಾರು ಯಾಕೆ ಕೇಳುತ್ತಾರೆ? ಅದು ಸರಿಯಾದ ಸಂಖ್ಯೆಯ ಹಾಗೆ ಕೇಳಿಸಿತ್ತು. ಮೌನಿಗೆ ನಮ್ಮೆಲ್ಲರಿಗಿಂತ ಚಿಕ್ಕ ವಯಸ್ಸು, ಹದ್ದಿನ ಕಣ್ಣು. ಅವನೂ ನಿಜವಾದ ಬಳ್ಳಿಯ ಎದುರು ನಿಂತು ಬಟ್ಟೆ ಎಂದುಕೊಂಡ. ನನ್ನ ಸಿಟ್ಟು ಈಗ ದಾರಿ ಕಂಡಿತು.

"ಮೇಡಂ, ಇದು ಕಣ್ಣಿನ ದೋಷ ಅಲ್ಲ," ಎಂದೆ. ದನಿ ಏರಿತು, ಇಳಿಸಲಿಲ್ಲ. "ಸುಳ್ಳು ಬಳ್ಳಿ ಇದೆ ಹುಡುಕಿ ಅಂತ ಕಳಿಸಿದ್ವಿ. ಅವರು ಸುಳ್ಳು ಬಳ್ಳಿಯನ್ನೇ ಹುಡುಕಿದ್ರು. ಮುಟ್ಟಬೇಡಿ ಅಂದ್ವಿ. ಮುಟ್ಟಿದ್ರೆ ಹಾಲು ಬರ್ತಿತ್ತು, ಯಾರಿಗಾದ್ರೂ ಗೊತ್ತಾಗ್ತಿತ್ತು. ಕೈ ಕಟ್ಟಿ ಕಳಿಸಿದೋರು ನಾವು. ಈಗ ಇವಳನ್ನ ಉಗ್ರಾಣಕ್ಕೆ ಹಾಕೋದಾದ್ರೆ ಇವನನ್ನೂ ಹಾಕಿ. ಹಂಗೇ ನನ್ನನ್ನೂ ಹಾಕಿ. ಮೂವರೂ ಕೂತು ಗುದ್ದಲಿ ಉಜ್ಜುತ್ತೀವಿ, ಉದ್ದಣ್ಣ ಒಬ್ಬನೇ ಗುಡ್ಡ ಸುತ್ತಲಿ."

"ಅಯ್ಯೋ, ಬೇಡಪ್ಪಾ," ಎಂದ ಉದ್ದಣ್ಣ.

ಮೇಡಂ ನನ್ನ ಸಿಟ್ಟಿಗೆ ಬೆಚ್ಚುವವರಲ್ಲ. ಯೋಚಿಸುತ್ತಾ ಮರವನ್ನೇ ನೋಡಿದರು. "ಮುಟ್ಟಬೇಡಿ ಅನ್ನೋ ನಿಯಮ ತೆಗೀಬೇಕು," ಎಂದರು ಕೊನೆಗೆ. "ಕಂಡದ್ದನ್ನೆಲ್ಲ ಎಲೆ ಚಿವುಟಿ ನೋಡಬೇಕು. ಬಟ್ಟೆ ಆದ್ರೂ ಸರಿ."

"ನನ್ನ ಎಲೆ ಚಿವುಟಬೇಕಾ?" ಎಂದಳು ನನ್ನ ಹೆಂಡತಿ. "ಪ್ರತಿ ವರ್ಷ ಹೊಸದು ಹೊಲೀಬೇಕಾಗುತ್ತೆ. ಹೊಲೀತೀನಿ ಬಿಡಿ."

"ಅಮ್ಮ ಗುಡ್ಡದಲ್ಲೇ ಇರ್ಲಿ," ಎಂದರು ಮೇಡಂ. "ಆದ್ರೆ ಕನ್ನಡಕ ಹಾಕ್ಕೋಬೇಕು. ದೂರದ್ದು ನಮಗಿಂತ ಚೆನ್ನಾಗಿ ಕಾಣುತ್ತೆ, ಈಗ ನೋಡಿದೆ. ಕಾಲ ಕೆಳಗಿಂದು ಕಾಣಲ್ಲ, ಅದನ್ನೂ ನೋಡಿದೆ. ಇದು ಪರೀಕ್ಷೆ ಅಲ್ಲ, ನನ್ನ ಷರತ್ತು."

ಚಿಕ್ಕಮ್ಮ ದಾರದ ಗಂಟು ಬಿಗಿದಳು. "ಕಾಲ ಕೆಳಗೆ ಕಾಣಲ್ಲ ಅಂತ ನಾನೂ ಬಲ್ಲೆ," ಎಂದಳು. ಇಷ್ಟು ತಿಂಗಳಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಹಗುರದ್ದು ಕೊಡಿಸಿ. ಮೂಗು ನೋವಾದ್ರೆ ಬಿಸಾಕ್ತೀನಿ."

"ಬಿಸಾಕಿ ನೋಡಿ," ಎಂದರು ಮೇಡಂ.

ಅಷ್ಟರಲ್ಲಿ ಬಿಸಿಲು ವಾಲಿತ್ತು. ಮನೆಗೆ ಹೋಗಬಹುದಿತ್ತು. ಯಾರಿಗೂ ಮನಸ್ಸಿರಲಿಲ್ಲ. ಕಾಯಿ ಬಿಡುವಷ್ಟು ದೊಡ್ಡ ಬಳ್ಳಿ ಇದ್ದ ಕಡೆ ಸಣ್ಣವು ಇದ್ದೇ ಇರುತ್ತವೆ, ನೆಲದಿಂದ ಬೆರಳಷ್ಟು ಎದ್ದು ಹುಲ್ಲಿನಲ್ಲಿ ಅಡಗಿ. ಕೈಗೆ ಕೈ ತಾಗುವಷ್ಟು ಹತ್ತಿರ, ಒಂದೇ ಸಾಲಾಗಿ ನಿಂತು ಇಡೀ ಇಳಿಜಾರನ್ನು ಬಾಚಣಿಗೆ ಹಾಕಿದ ಹಾಗೆ ನೋಡುತ್ತಾ ಇಳಿಯುವುದು ನಮ್ಮ ಕೆಲಸದ ಕ್ರಮ. ಸಾಲು ಕಟ್ಟಿದೆವು. ಒದ್ದೆ ಮೌನಿ, ಉದ್ದಣ್ಣ, ಅಳತೆಪಟ್ಟಿ ಹಾಕಿಕೊಂಡ ನನ್ನ ಹೆಂಡತಿ, ನಾನು, ಮೇಡಂ. ಹತ್ತಿರದ್ದು ಕಾಣದ ಚಿಕ್ಕಮ್ಮನನ್ನು ನನ್ನ ಪಕ್ಕಕ್ಕೆ ಕರೆದೆ. ಅವಳು ಬರಲಿಲ್ಲ. ಸಾಲಿನ ತುದಿಯಲ್ಲಿ, ಎತ್ತರದಲ್ಲಿ, ಎಲ್ಲರೂ ಕಾಣುವ ಕಡೆ ನಿಂತುಕೊಂಡಳು.

"ನಡೀರಿ," ಎಂದೆ.

ಮೇಡಂ ಉತ್ಸಾಹದಲ್ಲಿ ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕಿಬಿಟ್ಟರು.

"ಮೇಡಂ," ಎಂದಳು ಚಿಕ್ಕಮ್ಮ ಮೇಲಿನಿಂದ, ನನ್ನ ಬೆನ್ನಿಗೆ ಗುದ್ದುತ್ತಿದ್ದ ಕಾಲದ ದನಿಯಲ್ಲಿ, "ಸಾಲು ಬಿಟ್ಟು ಹೋಗ್ಬೇಡಿ. ಹಿಂದಕ್ಕೆ ಬನ್ನಿ."

ಮೇಡಂ ಹಿಂದಕ್ಕೆ ಬಂದರು. ನಾವು ಬಾಗಿದೆವು.